ಫಕ್ಕೀರಪ್ಪ ‘ರಿ’ ಹಚ್ಚಿ ಮಾತಾಡಿದ ದಿನ

ಮೊನ್ನೆ ಆಗಸ್ಟಿನಲ್ಲಿ ಕಚೇರಿಯ ಕೆಲಸಕ್ಕೆಂದು ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯ ಅರ್ಧ ಭಾಗಕ್ಕೆ ಹೆಸರಿನ ಗಿಡ ಹರವಿದ್ದರು. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ಒಡೆದು ಕಾಳು ಬೀಳಲಿ ಎಂದು. ಡ್ರೈವರ್ ಗೊಣಗುತ್ತ ವೇಗ ಇಳಿಸಿದ. ನಾನು ಕಿಟಕಿಯ ಗಾಜು ಇಳಿಸಿದೆ. ಬೆಳಗಿನ ಜಾವ ಒಂದು ಸಣ್ಣ ಮಳೆ ಬಂದು ಹೋಗಿರಬೇಕು. ಅರ್ಧ ಒಣಗಿದ ಹೆಸರಿನ ಹೊಟ್ಟು, ತೋಯ್ದ ಎರೆ ಮಣ್ಣು, ಎರಡೂ ಕೂಡಿದ ಬೆಚ್ಚಗಿನ ವಾಸನೆ ಕಾರಿನೊಳಗೆ ತುಂಬಿಕೊಂಡಿತು. ಆರು ವರ್ಷ ಕಳೆದರೂ ಆ ವಾಸನೆಗೆ ನನ್ನ ಮೈ ಮೊದಲು ಹೆದರುತ್ತದೆ, ಆಮೇಲೆ ನಿರಾಳವಾಗುತ್ತದೆ.

ಆರು ವರ್ಷದ ಹಿಂದೆ ಆ ಭಾಗದ ಒಂದು ಊರಿನಲ್ಲಿ ನಾನು ಕರೆಂಟ್ ಆಫೀಸಿನ ಶಾಖಾಧಿಕಾರಿಯಾಗಿದ್ದೆ. ಊರಿನ ಹೆಸರು ಬೇಡ. ಅಣ್ಣಿಗೇರಿಯಿಂದ ಬಹಳ ದೂರವೇನೂ ಅಲ್ಲ ಅಂದರೆ ಸಾಕು. ನನಗಾಗ ಇಪ್ಪತ್ತೆಂಟು. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಅಪ್ಪ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಹನ್ನೆರಡು ಹಳ್ಳಿ, ಒಂದು ಸಬ್‌ಸ್ಟೇಷನ್, ಒಂಬತ್ತು ಮಂದಿ ಲೈನ್‌ಮನ್ನರು, ಒಂದು ಹಳೆಯ ಜೀಪು. ಇಷ್ಟಕ್ಕೂ ನಾನೇ ಮುಖ್ಯಸ್ಥೆ. ಲೈನ್‌ಮನ್ನರಲ್ಲಿ ನನಗಿಂತ ಚಿಕ್ಕವನು ಒಬ್ಬನೂ ಇರಲಿಲ್ಲ.

ಹೋಗುವ ಮುಂಚೆ ಹಿರಿಯ ಅಧಿಕಾರಿಯೊಬ್ಬರು ಕರೆದು ಬುದ್ಧಿ ಹೇಳಿದ್ದರು. “ನೋಡ್ರಿ, ಹೆಣ್ಣಮಗಳು ಆಫೀಸರ್ ಅಂದ ಕೂಡಲೇ ಮಂದಿ ತೆಲಿ ಮ್ಯಾಲೆ ಕೂಡಾಕ ನೋಡ್ತಾರ. ಮೊದಲನೇ ದಿನದಿಂದ ಮುಖಾ ಬಿಗಿ ಹಿಡೀರಿ. ನಕ್ಕೀರಿ ಅಂದ್ರ ಕೆಲಸ ಕೆಟ್ಟಂಗ.” ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಬೆಳಿಗ್ಗೆ ಎಂಟೂವರೆಗೆ ಹಾಜರಿ. ಎಂಟು ಮೂವತ್ತೈದಕ್ಕೆ ಬಂದವನಿಗೆ ಎಲ್ಲರ ಮುಂದೆ ಬೈಗುಳ. ಯಾರ ಮನೆಯ ಸುದ್ದಿಯನ್ನೂ ಕೇಳುತ್ತಿರಲಿಲ್ಲ. ಯಾರಾದರೂ ತಾವಾಗಿ ಹೇಳಲು ಬಂದರೆ “ಕೆಲಸದ ಮಾತು ಹೇಳ್ರಿ” ಅನ್ನುತ್ತಿದ್ದೆ. ಹಾಗೆ ಅಂದ ಮೇಲೆ ಎಷ್ಟೋ ಸಲ ಒಳಗೊಳಗೇ ಮುಜುಗರವಾಗುತ್ತಿತ್ತು. ಅದನ್ನು ದೌರ್ಬಲ್ಯ ಅಂದುಕೊಂಡು ಒತ್ತಿ ಹಿಡಿಯುತ್ತಿದ್ದೆ.

ಈಗ ನಗು ತರಿಸುವ ಒಂದು ಸಂಗತಿಯಿದೆ. ಆ ವರ್ಷದ ಜೂನ್‌ನಲ್ಲಿ ನಮ್ಮನ್ನೆಲ್ಲ ಹುಬ್ಬಳ್ಳಿಗೆ ಕರೆಸಿ ಎರಡು ದಿನ ತರಬೇತಿ ಕೊಟ್ಟಿದ್ದರು. ವಿಷಯ, ‘ಕೆಲಸದ ಸ್ಥಳದಲ್ಲಿ ಭಾವನಾತ್ಮಕ ಬುದ್ಧಿವಂತಿಕೆ’. ತನ್ನ ಸಿಟ್ಟು, ಭಯ, ಬೇಸರಗಳನ್ನು ಗುರುತಿಸುವುದು ಹೇಗೆ, ಮತ್ತೊಬ್ಬರದನ್ನು ಅರಿಯುವುದು ಹೇಗೆ ಎಂದು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಕೊನೆಗೆ ಒಂದು ಪ್ರಶ್ನಾವಳಿ. ‘ನಿಮ್ಮ ಸಹೋದ್ಯೋಗಿ ಸಂಕಟದಲ್ಲಿದ್ದರೆ ಅವರು ಹೇಳದೆಯೇ ನಿಮಗೆ ತಿಳಿಯುತ್ತದೆಯೇ?’ ನಾನು ‘ಯಾವಾಗಲೂ’ ಎಂಬುದಕ್ಕೆ ಗುರುತು ಹಾಕಿದೆ. ನಮ್ಮ ತಂಡದಲ್ಲಿ ನನಗೇ ಹೆಚ್ಚು ಅಂಕ ಬಂದವು. ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದೆ. ಅದರ ಕೆಳಗೇ ಕುಳಿತು ಬೈಯುತ್ತಿದ್ದೆ.

ಒಂಬತ್ತು ಮಂದಿಯಲ್ಲಿ ಫಕ್ಕೀರಪ್ಪ ಎಂಬವನು ಎಲ್ಲರಿಗಿಂತ ನುರಿತವನು. ನಲವತ್ತರ ಆಸುಪಾಸು, ಕಡ್ಡಿಯಂಥ ಆಳು. ಕಂಬ ಹತ್ತಿದರೆ ಮನೆಯ ಮಾಳಿಗೆ ಹತ್ತಿದಷ್ಟು ಸಲೀಸು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕಂಬದ ಮೇಲಿಂದಲೇ ಕೆಳಗಿನ ಹೊಲದವರ ಜೊತೆ ಚೇಷ್ಟೆ, ಜೊತೆಗಾರರಿಗೆ ಅಡ್ಡಹೆಸರು. ನನ್ನೆದುರಿಗೆ ಮಾತ್ರ ಗಂಭೀರ.

ಅವನ ದೊಡ್ಡ ಗೆಳೆಯ ಸಬ್‌ಸ್ಟೇಷನ್ನಿನ ಆಪರೇಟರ್ ಚನ್ನಪ್ಪ. ಚನ್ನಪ್ಪ ಮಾಜಿ ಸೈನಿಕ. ಫೌಜಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಬಂದು ಗುತ್ತಿಗೆ ಮೇಲೆ ಇಲ್ಲಿ ಸೇರಿಕೊಂಡಿದ್ದ. ವಯಸ್ಸಿನ ಅಂತರ ಹದಿನೈದು ವರ್ಷವಿದ್ದರೂ ಫಕ್ಕೀರಪ್ಪ ಅವನನ್ನು ‘ಕಾಕಾ’ ಅನ್ನುತ್ತ ಏಕವಚನದಲ್ಲೇ ಮಾತಾಡಿಸುತ್ತಿದ್ದ.

ನಮ್ಮ ಕೆಲಸದ ಒಂದು ಕ್ರಮ ಹೇಳಿಬಿಡುತ್ತೇನೆ. ಲೈನ್‌ಮನ್ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನ್ ಮಾಡಬೇಕು. ಆಪರೇಟರ್ ಆ ಲೈನಿನ ಕರೆಂಟು ಕಡಿದು ಒಂದು ನಂಬರ್ ಕೊಡುತ್ತಾನೆ. ಇದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಲೈನ್‌ಮನ್ ಅದೇ ನಂಬರ್ ಹೇಳಿ ‘ಮುಗೀತು, ಹಾಕು’ ಅಂದಾಗಲೇ ಆಪರೇಟರ್ ಮತ್ತೆ ಕರೆಂಟು ಬಿಡಬೇಕು. ನಡುವೆ ಇರುವುದು ಎರಡು ದನಿಗಳ ನಂಬಿಕೆ ಮಾತ್ರ.

ಒಂದು ದಿನ ನಾನು ಸಬ್‌ಸ್ಟೇಷನ್ನಿನಲ್ಲಿದ್ದಾಗ ಫೋನಿನ ಸ್ಪೀಕರಿನಲ್ಲಿ ಇವರಿಬ್ಬರ ಮಾತು ಕಿವಿಗೆ ಬಿತ್ತು.

“ಏನ್ ಉಂಡೀಲೇ ಮಧ್ಯಾಹ್ನಕ?” ಚನ್ನಪ್ಪ ಕೇಳಿದ.

“ರೊಟ್ಟಿ, ಪುಂಡಿಪಲ್ಲೆ.”

“ನನಗೇನ್ ತಂದೀ?”

“ನಿನಗ ತಂತಿ ಕೂಡಿಸಿ ಕೊಟ್ಟೇನಿ ತಗೋ ಕಾಕಾ. ನಂಬರ್ ಹದಿನೇಳು. ಹಾಕು ಇನ್ನ.”

ನನಗೆ ಇದು ಹರಟೆಯಾಗಿ ಕಂಡಿತು. ಮರುದಿನವೇ ಚನ್ನಪ್ಪನಿಗೆ ಮೆಮೋ ಕೊಟ್ಟೆ: ‘ಕರ್ತವ್ಯದ ವೇಳೆಯಲ್ಲಿ ದೂರವಾಣಿಯ ಮೇಲೆ ಅನವಶ್ಯಕ ಸಂಭಾಷಣೆ ನಡೆಸುತ್ತಿರುವುದು ಕಂಡುಬಂದಿರುತ್ತದೆ.’ ಅವನು ಕಾಗದ ಇಸಿದುಕೊಂಡು ಮಡಚಿ ಜೇಬಿನಲ್ಲಿಟ್ಟ.

ಆ ವರ್ಷ ಹೆಸರಿನ ಸುಗ್ಗಿಗೂ ಮಳೆಗೂ ಒಂದೇ ಹೊತ್ತು. ಕಾಯಿ ಬಿಡಿಸುವ ದಿನಗಳಲ್ಲೇ ಮಳೆ ಹಿಡಿಯಿತು. ಎರೆ ಹೊಲ ನೀರು ಕುಡಿದು ಮೆತ್ತಗಾದರೆ ನಮ್ಮ ಕಂಬಗಳು ವಾಲುತ್ತವೆ, ತಂತಿ ಜೋತು ಬೀಳುತ್ತವೆ. ದಿನಕ್ಕೆ ನಾಲ್ಕು ಕಡೆ ದುರಸ್ತಿ. ನೀರಿನ ಪಂಪು ನಿಂತರೆ ಊರವರ ಫೋನು, ಹಿಟ್ಟಿನ ಗಿರಣಿ ನಿಂತರೆ ಹೆಂಗಸರ ಫೋನು, ಇವೆಲ್ಲವೂ ಮೇಲೆ ಮುಟ್ಟಿದರೆ ಸಾಹೇಬರ ಫೋನು. ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅಂಥ ವಾರದ ಒಂದು ಬೆಳಿಗ್ಗೆ ಫಕ್ಕೀರಪ್ಪ ಅರ್ಧ ತಾಸು ತಡವಾಗಿ ಬಂದ. ಆ ವಾರದಲ್ಲಿ ಅದು ಮೂರನೆಯ ಸಲ. ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಏನ್ರಿ ಇದು, ಧರ್ಮಛತ್ರ ಏನು? ನಿಮಗ ಮನಿಯೊಳಗ ಹೇಳೋರು ಕೇಳೋರು ಯಾರೂ ಇಲ್ಲೇನು?”

ದಿನವೂ ಬೈಸಿಕೊಂಡರೆ ತಲೆ ಕೆರೆದುಕೊಂಡು ಹಲ್ಲು ಕಿರಿಯುತ್ತಿದ್ದವನು ಅಂದು ನನ್ನ ಮುಖ ನೋಡಿದ. ಒಳಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ. ನಿನ್ನೆಯ ಸಾಲಿನಲ್ಲಿ, ನಿನ್ನೆ ತಾನೇ ಮಾಡಿದ್ದ ಸಹಿಯ ಮೇಲೆಯೇ ಇನ್ನೊಮ್ಮೆ ಮಾಡಿದ್ದ. ಅದಕ್ಕೂ ಬೈದೆ. ಆ ಮನುಷ್ಯನ ಕೈ ಎಲ್ಲಿದೆ, ಮನಸ್ಸು ಎಲ್ಲಿದೆ ಎಂದು ಆ ಸಹಿಯೇ ಹೇಳುತ್ತಿತ್ತು. ನನಗೆ ಕಂಡದ್ದು ತಪ್ಪು ಸಾಲು ಮಾತ್ರ.

ಕೆಲಸ ಹಂಚುವಾಗ ಇನ್ನೊಂದು ತಪ್ಪು ಮಾಡಿದೆ. ಕಂಬದ ಕೆಲಸಕ್ಕೆ ಇಬ್ಬರನ್ನು ಕಳಿಸಬೇಕು ಎಂಬುದು ನಿಯಮ. ಫಕ್ಕೀರಪ್ಪನ ಜೋಡಿ ಯಲ್ಲಪ್ಪ. ಯಲ್ಲಪ್ಪ ಮಾತು ಕಡಿಮೆ, ಎಲ್ಲವನ್ನೂ ಎರಡು ಸಲ ನೋಡುವ ಆಸಾಮಿ. ಅವನನ್ನು ಬೇರೆ ಹಳ್ಳಿಗೆ ಹಚ್ಚಿದೆ. ಅವನು “ಮೇಡಂ, ಅಲ್ಲೆ ಎರಡ ಕಂಬದ ಕೆಲಸ ಐತ್ರಿ, ಒಬ್ಬನ...” ಅಂದ. “ಹೇಳಿದಷ್ಟ ಮಾಡ್ರಿ” ಅಂದೆ. ಫಕ್ಕೀರಪ್ಪ ಒಬ್ಬನೇ ಬೈಕಿಗೆ ಸಾಮಾನು ಕಟ್ಟಿಕೊಂಡು ಹೋದ.

ಹನ್ನೊಂದರ ಸುಮಾರಿಗೆ ಚನ್ನಪ್ಪನ ಫೋನ್ ಬಂತು.

“ಮೇಡಂ, ಫಕ್ಕೀರಪ್ಪ ಕೆಲಸ ಮುಗೀತಂತ ಲೈನ್ ಕ್ಲಿಯರ್ ವಾಪಸ್ ಕೊಟ್ಟಾನ್ರಿ. ಆದ್ರ ನಾ ಇನ್ನೂ ಕರೆಂಟ್ ಬಿಟ್ಟಿಲ್ರಿ.”

“ಯಾಕ?”

“ಅಂವನ ದನಿ ಬರೋಬ್ಬರಿ ಇಲ್ರಿ.”

ನನಗೆ ಅರ್ಥವಾಗಲಿಲ್ಲ. “ದನಿ ಬರೋಬ್ಬರಿ ಇಲ್ಲಂದ್ರ? ನಂಬರ್ ಸರಿ ಹೇಳ್ಯಾರೋ ಇಲ್ಲೋ?”

“ನಂಬರ್ ಸರಿ ಹೇಳ್ಯಾನ್ರಿ. ಹೊಳ್ಳಿ ಫೋನ್ ಹಚ್ಚಿದೆ, ಎತ್ತವಲ್ಲ.”

“ಬೈಕ್ ಮ್ಯಾಲಿರಬೇಕು. ಕರೆಂಟ್ ಬಿಡ್ರಿ. ನಾಲ್ಕ ಊರಿಗೆ ಬೆಳಗಿನಿಂದ ನೀರಿಲ್ಲ.”

“ಬಿಡಂಗಿಲ್ರಿ.”

ನಾನು ಎದ್ದು ನಿಂತೆ. “ಇದು ನನ್ನ ಆರ್ಡರ್ ಅದ, ಚನ್ನಪ್ಪ.”

“ಬರದ ಕೊಡ್ರಿ ಮೇಡಂ. ಬರದ ಕೊಟ್ರೂ ಬಿಡಂಗಿಲ್ಲ. ಅಂವನ ಜೋಡಿ ಇನ್ನೊಮ್ಮೆ ಮಾತಾಡೂತನಾ ನಾ ಸ್ವಿಚ್ ಮುಟ್ಟಂಗಿಲ್ಲ. ನೌಕರಿಯಿಂದ ತಗೀತೀರಿ? ತಗೀರಿ.”

ಫೋನ್ ಇಟ್ಟುಬಿಟ್ಟ. ಇಬ್ಬರಿಗೂ ಒಂದು ಗತಿ ಕಾಣಿಸಬೇಕೆಂದು ಜೀಪು ಹತ್ತಿದೆ. ಮೊದಲು ಫಕ್ಕೀರಪ್ಪನನ್ನು ಹಿಡಿದು ಅವನ ಬಾಯಿಂದಲೇ ‘ಮುಗಿದಿದೆ’ ಎಂದು ಹೇಳಿಸಿ, ಆಮೇಲೆ ಚನ್ನಪ್ಪನ ಮೇಲೆ ವರದಿ ಬರೆಯುವುದು. ದಾರಿಯುದ್ದಕ್ಕೂ ವರದಿಯ ವಾಕ್ಯಗಳನ್ನು ಮನಸ್ಸಿನಲ್ಲೇ ಕೂಡಿಸುತ್ತ ಹೋದೆ.

ಹೊಲದ ದಾರಿಯಲ್ಲಿ ಜೀಪು ಮುಂದೆ ಹೋಗಲಿಲ್ಲ. ಇಳಿದು ನಡೆದೆ. ಎರೆ ಮಣ್ಣು ಚಪ್ಪಲಿಗೆ ಹತ್ತಿ ಹತ್ತಿ ಕಾಲು ಎತ್ತಲಾಗದಷ್ಟು ಭಾರವಾಯಿತು. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಎರಡೂ ಕಡೆ ಹೆಂಗಸರು ಬಾಗಿ ಹೆಸರಿನ ಕಾಯಿ ಬಿಡಿಸುತ್ತಿದ್ದರು. ಮೊದಲನೆಯ ಕಂಬದ ಹತ್ತಿರ ಬೈಕು ನಿಂತಿತ್ತು. ಹ್ಯಾಂಡಲಿಗೆ ತೂಗುಹಾಕಿದ ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಆಳು ಕಾಣಲಿಲ್ಲ. ತಲೆ ಎತ್ತಿ ಮುಂದೆ ನೋಡಿದೆ.

ಎರಡನೆಯ ಕಂಬದ ತುದಿಯಲ್ಲಿ ಫಕ್ಕೀರಪ್ಪ ಇದ್ದ. ಎಡಗೈಯಲ್ಲಿ ತಂತಿ ಹಿಡಿದುಕೊಂಡು ಬಲಗೈಯಿಂದ ಅದನ್ನು ಕಟ್ಟುತ್ತಿದ್ದ.

ಕರೆಂಟು ಬಿಡಿ ಎಂದು ಹೇಳಿ, ಎರಡನೆಯ ಕಂಬ ಬಾಕಿ ಇದೆಯೆಂದು ನೆನಪಾಗಿ, ತಾನು ಹೇಳಿದ್ದನ್ನೇ ಮರೆತು ಹತ್ತಿಬಿಟ್ಟಿದ್ದ. ಇದು ನನಗೆ ಒಂದು ಕ್ಷಣದಲ್ಲಿ ತಿಳಿಯಿತು. ಅದರ ಹಿಂದೆಯೇ ಇನ್ನೊಂದು ತಿಳಿಯಿತು: ನಾನು ಆರ್ಡರ್ ಕೊಟ್ಟಿದ್ದೆ. ಎರಡು ಸಲ.

ಅಲ್ಲೇ ಬದುವಿನ ಮೇಲೆ ಕುಳಿತೆ. ಚನ್ನಪ್ಪನಿಗೆ ಫೋನ್ ಮಾಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಚನ್ನಪ್ಪನವರ, ಕರೆಂಟ್ ಬಿಡಬ್ಯಾಡ್ರಿ.”

“ಬಿಟ್ಟಿಲ್ಲಂತ ಹೇಳೇನಲ್ರಿ.”

“ಅಂವಾ ಕಂಬದ ಮ್ಯಾಲಿದ್ದಾನ.”

ಚನ್ನಪ್ಪ ಅಗದಿ ತಣ್ಣಗೆ ಹೇಳಿದ: “ಕೂಗಬ್ಯಾಡ್ರಿ. ಕೂಗಿದ್ರ ಗಾಬರಿ ಆಗಿ ಕೈ ಬಿಟ್ಟಾನು. ತಾನ ಇಳದ ಬರ್ಲಿ. ನೀವು ಅಲ್ಲೇ ಸುಮ್ನ ಕೂಡ್ರಿ. ನಾ ಸ್ವಿಚ್ಚಿನ ಮುಂದ ನಿಂತೇನಿ, ಯಾರನ್ನೂ ಬಿಡಂಗಿಲ್ಲ.”

ಹತ್ತು ನಿಮಿಷ ಕುಳಿತಿದ್ದೆ. ಅಷ್ಟು ಉದ್ದದ ಹತ್ತು ನಿಮಿಷ ನನ್ನ ಆಯುಷ್ಯದಲ್ಲಿ ಬೇರೆ ಇಲ್ಲ. ಅವನು ಇಳಿದು ನೆಲಕ್ಕೆ ಕಾಲಿಟ್ಟಾಗ ನನ್ನ ಬಾಯಿಂದ ಏನೋ ಒಂದು ಸದ್ದು ಬಂತು. ಅವನು ತಿರುಗಿ ನೋಡಿದ. ಮತ್ತೆ ಬೈಸಿಕೊಳ್ಳಬೇಕಲ್ಲ ಎಂಬ ಮುಖ.

“ಮುಗೀತ್ರಿ ಮೇಡಂ. ಈಗ ಸ್ಟೇಷನ್ನಿಗೆ ಹೇಳಿಬಿಡ್ತೇನ್ರಿ.”

“ನೀವು ಆಗಲೇ ಹೇಳೀರಿ, ಫಕ್ಕೀರಪ್ಪ.”

ಅವನಿಗೆ ತಿಳಿಯಲಿಲ್ಲ. ಬೈಕಿನ ಹತ್ತಿರ ಹೋಗಿ ಫೋನ್ ತೆಗೆದು ನೋಡಿದ. ಚನ್ನಪ್ಪನ ಎಂಟು ಕರೆ ಬಂದು ನಿಂತಿದ್ದವು. ಅವುಗಳ ಕೆಳಗೆ ತಾನೇ ಮಾಡಿದ ಒಂದು ಕರೆ. ಫೋನು ನೋಡಿದ, ಕಂಬ ನೋಡಿದ, ಆಮೇಲೆ ತನ್ನ ಎಡಗೈ ನೋಡಿಕೊಂಡ. ಬಂದು ಬದುವಿನ ಮೇಲೆ ನನ್ನಿಂದ ಒಂದು ಮಾರು ದೂರ ಕುಳಿತ.

ಅವನೇ ಮಾತು ತೆಗೆದ.

“ಅವ್ವಗ ಲಕ್ವಾ ಹೊಡದು ಹದಿನೆಂಟ ದಿನಾ ಆತ್ರಿ. ಬಲಗಡೆ ಎಲ್ಲಾ ಹೋಗೇತಿ. ಮಾತೂ ಹೋಗೇತಿ. ನನ್ನ ಹೇಣ್ತಿ ಅಂಗನವಾಡಿಗೆ ಲಗೂನ ಹೋಗಬೇಕು. ಮುಂಜಾನೆ ಅವ್ವನ ಮೈ ತೊಳದು, ಗಂಜಿ ಕುಡಿಸಿ ಬರೂದ ನನ್ನ ಕೆಲಸ. ಒಂದೊಂದ ಚಮಚ ನುಂಗಾಕ ಅಕಿಗೆ ಎಷ್ಟ ಹೊತ್ತ ಹಿಡೀತೈತಿ. ಗಡಬಡ ಮಾಡಿದ್ರ ಉಸರ ಕಟ್ತೈತಿ.” ಅಂಗೈಯ ಮಣ್ಣು ಒರೆಸಿಕೊಳ್ಳುತ್ತ ಹೇಳಿದ, “ನಮ್ಮನ್ಯಾಗ ಹೇಳಾಕಿ ಕೇಳಾಕಿ ಅಕೀನ ಇದ್ಲರಿ. ಊರ ಕೇಳೂ ಹಂಗ ಬೈತಿದ್ಲು ನನಗ. ಈಗ ನೋಡಕೋತ ಮಲಗ್ತಾಳ.”

ಬೆಳಿಗ್ಗೆ ನಾನು ಆಡಿದ ಮಾತು ಎಲ್ಲಿ ಹೋಗಿ ತಾಗಿತ್ತೆಂದು ಆಗ ಗೊತ್ತಾಯಿತು.

“ನನಗ ಹೇಳಬಾರದಿತ್ತೇನ್ರಿ?” ಅಂದೆ. ಅಂದ ಕೂಡಲೇ ಅದೆಂಥ ಪ್ರಶ್ನೆ ಎಂದು ನಾಚಿಕೆಯಾಯಿತು. ಅವನು ಮಣ್ಣು ಕೆದರುತ್ತ, “ಕೆಲಸದ ಮಾತ ಅಲ್ಲಲ್ರಿ ಅದು” ಅಂದ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಇನ್ನೂ ತಡೆಯಲಾಗಲಿಲ್ಲ.

“ನಂದು ತಪ್ಪಾತು, ಫಕ್ಕೀರಪ್ಪ. ಬೈದದ್ದೂ ತಪ್ಪು, ಒಬ್ಬರನ್ನ ಕಳಿಸಿದ್ದೂ ತಪ್ಪು.”

“ಅಯ್ಯ, ಹೋಗ್ಲಿ ಬಿಡ್ರಿ ಮೇಡಂ” ಎಂದು ಅವನು ಗಡಬಡಿಸಿ ಎದ್ದುಬಿಟ್ಟ. ಕಂಬದ ಮೇಲೆ ಹೆದರದವನು ಆ ಮಾತಿಗೆ ಹೆದರಿದಂತೆ ಕಂಡ. ಪಕ್ಕದ ಹೊಲದಿಂದ ಒಬ್ಬ ಹೆಣ್ಣುಮಗಳು ಇಬ್ಬರನ್ನೂ ನೋಡಿ, ಏನೋ ಆಗಿದೆ ಎಂದು ಅರಿತು, ಏನನ್ನೂ ಕೇಳದೆ ತಂಬಿಗೆಯಲ್ಲಿ ನೀರು, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ತಂದುಕೊಟ್ಟಳು. ನಾನು ಫೋನ್ ಹಚ್ಚಿ ಫಕ್ಕೀರಪ್ಪನ ಕೈಗೆ ಕೊಟ್ಟೆ. “ಕಾಕಾ” ಅಂದ. ಆ ಕಡೆಯಿಂದ ಚನ್ನಪ್ಪನ ದನಿ ನನಗೂ ಕೇಳಿಸಿತು. “ಇದ್ದೀಯಲ್ಲಲೇ. ಸಾಕು. ಮೊದಲ ಏನರ ತಿನ್ನು. ಆಮೇಲೆ ನಂಬರ್ ಹೇಳು.”

ರೊಟ್ಟಿ ತಿಂದೆವು. ಆಮೇಲೆ ಇಬ್ಬರೂ ಕಂಬದಿಂದ ದೂರ ನಿಂತು ನಂಬರ್ ಹೇಳಿದೆವು. ಚನ್ನಪ್ಪ ಎರಡೆರಡು ಸಲ ಕೇಳಿ ಕರೆಂಟು ಬಿಟ್ಟ. ದೂರದಲ್ಲಿ ಗಿರಣಿ ಶುರುವಾದ ಸದ್ದು ಬಂತು.

ಆ ಸಂಜೆ ನಡೆದದ್ದನ್ನೆಲ್ಲ ಬರೆದು ಮೇಲಧಿಕಾರಿಗೆ ಕಳಿಸಿದೆ. ಒಬ್ಬನನ್ನೇ ಕಳಿಸಿದ್ದು ನಾನು, ಕರೆಂಟು ಬಿಡಲು ಒತ್ತಾಯಿಸಿದ್ದೂ ನಾನು ಎಂದು ಸ್ಪಷ್ಟವಾಗಿ ಬರೆದೆ. ಲಿಖಿತ ಎಚ್ಚರಿಕೆ ಬಂತು. ಅದನ್ನು ಓದುವಾಗ ದುಃಖವಾಗಲಿಲ್ಲ. ಸಂಜೆ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರೂ ಇದ್ದವಲ್ಲ, ಅದರ ಮುಂದೆ ಉಳಿದದ್ದೆಲ್ಲ ಹಗುರ.

ಚನ್ನಪ್ಪನಿಗೆ ಕೊಟ್ಟ ಮೆಮೋ ಹಿಂತೆಗೆದುಕೊಂಡ ಪತ್ರ ಹಿಡಿದು ನಾನೇ ಸಬ್‌ಸ್ಟೇಷನ್ನಿಗೆ ಹೋದೆ. ಅದನ್ನೂ ಅವನು ಹಾಗೆಯೇ ಮಡಚಿ ಜೇಬಿನಲ್ಲಿಟ್ಟ.

“ಮೊದಲಿನ ಕಾಗದದಾಗ ಏನಿತ್ತು? ನಾ ಓದೇ ಇಲ್ರಿ. ಕಣ್ಣಿಗೆ ಹಾಕೊಳ್ಳೂ ಚಾಳೀಸ್ ಮುರದಿತ್ತು.”

ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಕೇಳಿದೆ, “ಅವತ್ತ ನಿಮಗ ಹೆಂಗ ಗೊತ್ತಾತು?”

“ಏನೂ ಗೊತ್ತಾಗಿರಲಿಲ್ರಿ. ಅಂವಾ ಏನ್ ಅಂದ ಗೊತ್ತೇನು? ‘ಕೆಲಸ ಮುಗೀತ್ರಿ, ಕರೆಂಟ್ ಬಿಡ್ರಿ.’ ಹನ್ನೊಂದ ವರ್ಷದಾಗ ನನಗ ಅಂವಾ ಒಮ್ಮೆರ ‘ರಿ’ ಅಂದಿಲ್ಲ. ಯಾರ ಜೋಡಿ ಮಾತಾಡಾಕತ್ತೇನಿ ಅನ್ನೂದ ಅಂವಗ ಖಬರ್ ಇಲ್ಲ ಅಂದ್ರ, ಎಲ್ಲೆ ನಿಂತೇನಿ ಅನ್ನೂದು ಖಬರ್ ಇರ್ತೈತೇನು? ಏನ್ ಉಂಡಿ ಅಂತ ಕೇಳಿದೆ. ಫೋನ್ ಇಟ್ಟಬಿಟ್ಟ.”

“ನೀವು ದಿನಾ ಅದನ್ನ ಯಾಕ ಕೇಳ್ತಿದ್ರಿ?”

“ಹಸದ ಮನಶ್ಯಾ ಬ್ಯಾರೆ ಮಾತಾಡ್ತಾನ, ಸಿಟ್ಟಿನ ಮನಶ್ಯಾ ಬ್ಯಾರೆ ಮಾತಾಡ್ತಾನ, ನಿದ್ದಿಗೆಟ್ಟಾಂವ ಬ್ಯಾರೆ. ನಂಬರ್ ಅಷ್ಟ ಹೇಳಿದ್ರ ಎಲ್ಲಾರ ದನಿನೂ ಒಂದ ಇರ್ತೈತ್ರಿ. ನಾಕ ಮಾತ ಹೆಚ್ಚಿಗಿ ಆಡಿಸಿದ್ರ ತಿಳೀತೈತಿ. ವೈರ್‌ಲೆಸ್ಸಿನ ಮ್ಯಾಲೆ ಮುಖಾ ಕಾಣ್ತಿರಲಿಲ್ಲಲ್ರಿ.”

ಮನೆಗೆ ಬಂದು ಆ ಪ್ರಮಾಣಪತ್ರವನ್ನು ನೆನೆಸಿಕೊಂಡೆ. ಮರುದಿನ ಅದನ್ನು ಗೋಡೆಯಿಂದ ಇಳಿಸಿದೆ. ಕಲಿಸಿದವರು ತಪ್ಪೇನೂ ಹೇಳಿರಲಿಲ್ಲ; ನಾನು ಕಾಗದದ ಮೇಲೆ ಮಾತ್ರ ಕಲಿತಿದ್ದೆ.

ಬದಲಾಗುವುದು ಸುಲಭವಾಗಲಿಲ್ಲ. ಮೊದಲ ದಿನ ಹತ್ತು ನಿಮಿಷ ಮುಂಚೆ ಬಂದು ಹೊರಗಿನ ಕಟ್ಟೆಯ ಮೇಲೆ ಎಲ್ಲರ ನಡುವೆ ಕುಳಿತು, “ಆರಾಮೇನ್ರಿ ಎಲ್ಲಾರೂ?” ಅಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹೆದರುತ್ತ ಕೇಳಿದ, “ಯಾಕ್ರಿ ಮೇಡಂ, ನಮ್ಮ ಮ್ಯಾಲೆ ಏನರ ಎನ್‌ಕ್ವಾಯರಿ ಬಂತೇನ್ರಿ?” ಇನ್ನೊಂದು ದಿನ, ಸೊರಗಿದ್ದ ಒಬ್ಬನನ್ನು ಎಲ್ಲರ ಮುಂದೆಯೇ “ಮನಿಯೊಳಗ ಏನರ ತ್ರಾಸ ಅದ ಏನು?” ಎಂದು ಕೇಳಿಬಿಟ್ಟೆ. ಅವನ ಹೆಂಡತಿ ತವರಿಗೆ ಹೋಗಿ ಕುಳಿತಿದ್ದಳು. ಅವನು ನಾಲ್ಕು ದಿನ ನನ್ನ ಕಡೆ ನೋಡಲಿಲ್ಲ. ಕೇಳುವುದಕ್ಕೂ ಜಾಗವಿದೆ, ಹೊತ್ತಿದೆ, ಎಷ್ಟೋ ಸಲ ಕೇಳದೆ ಬಾಜು ಕುಳಿತರೆ ಸಾಕು ಎಂಬುದನ್ನು ಅವನಿಂದ ಕಲಿತೆ. ಫಕ್ಕೀರಪ್ಪ ಬೆಳಿಗ್ಗೆ ಒಂದು ತಾಸು ತಡವಾಗಿ ಬಂದು ಸಂಜೆ ಒಂದು ತಾಸು ಹೆಚ್ಚು ಇರುವುದನ್ನು ನಾನು ಹುಕುಂ ಮಾಡಿ ಹೇಳಲಿಲ್ಲ. ಉಳಿದ ಎಂಟು ಮಂದಿಯನ್ನು ಕೇಳಿದೆ. ಯಲ್ಲಪ್ಪ “ನಾವು ಆಗಲೇ ಹಂಗ ಮಾತಾಡ್ಕೊಂಡೇವ್ರಿ” ಅಂದ. ಅವರಿಗೆಲ್ಲ ಮೊದಲಿಂದ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಸೆಪ್ಟೆಂಬರಿನಲ್ಲಿ ಒಂದು ಹಳ್ಳಿಯ ಟೀಸಿ ಸುಟ್ಟಿತು. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಹಾಗೆಯೇ ಅನ್ನುವುದು. ನಾಲ್ಕನೆಯ ದಿನ ಟ್ರ್ಯಾಕ್ಟರಿನಲ್ಲಿ ನಲವತ್ತು ಮಂದಿ ಬಂದು ಆಫೀಸಿನ ಮೆಟ್ಟಿಲ ಮೇಲೆ ಕುಳಿತರು. ಹಿಂದೆ ಹೀಗಾದಾಗ ನಾನು ‘ನಾಳೆ ಬರುತ್ತದೆ’ ಎಂದು ಹೇಳಿ, ಕೂಗಾಟವಾದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದೆ. ಅಂದು ಮಾತಾಡುತ್ತ ನನ್ನ ದನಿ ಏರುತ್ತಿರುವುದು ನನಗೇ ಕೇಳಿಸಿತು. ನಿಲ್ಲಿಸಿದೆ. ಒಳಗೆ ಹೋಗಿ ನೀರು ಕುಡಿದು ಬಂದು ಮೆಟ್ಟಿಲ ಮೇಲೆಯೇ ಕುಳಿತೆ. “ನನಗೂ ಸಿಟ್ಟು ಬಂದದ, ನಿಮಗೂ ಬಂದದ. ಖರೇ ಹೇಳಬೇಕಂದ್ರ ಟೀಸಿ ಯಾವಾಗ ಬರ್ತದ ಅನ್ನೂದು ನನಗ ಗೊತ್ತಿಲ್ಲ. ದಿನಾ ಸಂಜಿಕೆ ನಾನ ಫೋನ್ ಮಾಡಿ ಏನಾಗ್ಯದ ಅಂತ ನಿಮಗ ಹೇಳ್ತೀನಿ.” ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಹಣ್ಣುಗಡ್ಡದ ಹಿರಿಯನೊಬ್ಬ ಎದ್ದ. “ಗೊತ್ತಿಲ್ಲ ಅಂತ ಹೇಳಿದ ಮೊದಲನೇ ಆಫೀಸರ್ ನೀವ ನೋಡ್ರಿ. ನಡೀರಿಲೇ, ಹೋಗೂಣು.” ಮೂರು ದಿನ ಸಂಜೆ ಫೋನ್ ಮಾಡಿದೆ. ನಾಲ್ಕನೆಯ ದಿನ ಟೀಸಿ ಬಂತು.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು ಕಡಲೆ ಬಿತ್ತನೆ ನಡೆದಿತ್ತು. ಆ ಹೊತ್ತಿಗೆ ಧಾರವಾಡದಲ್ಲಿ ಅಪ್ಪನಿಗೆ ಎದೆನೋವು ಕಾಣಿಸಿಕೊಂಡು, ಹೃದಯದ ನಾಳ ತಪಾಸಣೆಗೆ ದಿನ ಗೊತ್ತು ಮಾಡಿದ್ದರು. ಅಮ್ಮ, ಅಣ್ಣ ಇದ್ದಾರೆ, ನೀನು ಬರುವುದು ಬೇಡ ಎಂದು ಅಪ್ಪನೇ ಫೋನಿನಲ್ಲಿ ಹೇಳಿದ್ದರು. ಆ ವಾರ ಕೆಲಸವೂ ಬಹಳವಿತ್ತು. ನಾನು ಯಾರಿಗೂ ಹೇಳಲಿಲ್ಲ. ತಪಾಸಣೆಯ ದಿನ ಬೆಳಿಗ್ಗೆ ಎಂದಿನಂತೆ ಕಟ್ಟೆಯ ಮೇಲೆ ಕುಳಿತು ಕೆಲಸ ಹಂಚಿದೆ. ಎಲ್ಲರೂ ಹೊರಟರು. ಯಲ್ಲಪ್ಪ ಹೊರಡಲಿಲ್ಲ.

“ಮೇಡಂ, ಒಂದ ಮಾತ್ರಿ. ಒಂದ ಕೆಲಸಾ ಮೂರ ಮಂದಿಗೆ ಹೇಳೀರಿ.”

ನಾನು ಪುಸ್ತಕ ನೋಡಿದೆ. ನಿಜ. ಸರಿಪಡಿಸಲು ಪೆನ್ನು ತೆಗೆದೆ. ಅವನು ಇನ್ನೂ ನಿಂತೇ ಇದ್ದ.

“ಇವತ್ತ ನೀವು ಇಲ್ಲೆ ಇಲ್ರಿ.”

ಅಷ್ಟೇ ಅಂದ. ಏನಾಯಿತೆಂದು ಕೇಳಲಿಲ್ಲ. ನಾನು ಹೇಳಿದೆ. ಹೇಳುವಾಗ ಅಳು ಬಂತು. ಬೈಗುಳದ ಮೇಡಂ ಅಳುವುದನ್ನು ಅವನು ನೋಡಬಾರದೆಂದು ಮುಖ ತಿರುಗಿಸಿದೆ. ಅವನೂ ಮುಖ ತಿರುಗಿಸಿ ರಸ್ತೆಯ ಕಡೆ ನಿಂತು ಫೋನಿನಲ್ಲಿ ಯಾರನ್ನೋ ಕರೆದ. ಹತ್ತು ನಿಮಿಷದಲ್ಲಿ ಫಕ್ಕೀರಪ್ಪನ ಬೈಕು ಬಂತು.

“ಹತ್ರಿ ಮೇಡಂ. ಹತ್ತೂ ಇಪ್ಪತ್ತಕ್ಕ ಅಣ್ಣಿಗೇರಿಯಿಂದ ಬಸ್ ಐತ್ರಿ.”

“ಇಲ್ಲಿ ಕೆಲಸ...”

“ಕೆಲಸಾ ನಾವ್ ನೋಡ್ಕೋತೇವ್ರಿ. ಚನ್ನಪ್ಪ ಕಾಕಾ ಹೇಳ್ಯಾನ, ನೀವು ಧಾರವಾಡ ಮುಟ್ಟೂತನಾ ನಿಮ್ಮ ಫೋನ್ ಎತ್ತಂಗಿಲ್ಲಂತ.”

ಅಣ್ಣಿಗೇರಿಯವರೆಗೆ ಅವನು ಆಸ್ಪತ್ರೆಯ ಮಾತು ಎತ್ತಲೇ ಇಲ್ಲ. ಬಿತ್ತುವವರನ್ನು ತೋರಿಸುತ್ತ, ಯಾವ ಹೊಲ ಯಾರದು, ಯಾರ ಕೂರಿಗೆ ಓರೆ ಹೋಗುತ್ತಿದೆ ಎಂದು ಬಾಯಿ ಬಿಡುವಿಲ್ಲದೆ ಹೇಳುತ್ತ ಹೋದ. ಬಸ್ಸು ಬಂದಾಗ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ.

ನಾನು ಆಸ್ಪತ್ರೆ ಮುಟ್ಟಿದಾಗ ಅಪ್ಪನನ್ನು ಇನ್ನೂ ಒಳಗೆ ಕರೆದುಕೊಂಡು ಹೋಗಿರಲಿಲ್ಲ. ಹಸಿರು ಅಂಗಿ ತೊಡಿಸಿ ಮಂಚದ ಮೇಲೆ ಮಲಗಿಸಿದ್ದರು. ಬರಬೇಡವೆಂದು ಹೇಳಿದವರೇ ನನ್ನ ಕೈ ಹಿಡಿದವರು ಬಿಡಲಿಲ್ಲ. ಒಂದು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದು, ದೊಡ್ಡ ಅಡ್ಡಿ ಏನೂ ಇಲ್ಲ, ಗುಳಿಗೆಯಲ್ಲೇ ಆಗುತ್ತದೆ ಅಂದರು. ಅಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಅಣ್ಣ ಚಹಾ ತರಲು ಓಡಿದ.

ಸಂಜೆ ಅಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನೇ ನೋಡುತ್ತ ಕೇಳಿದರು.

“ಅಲ್ಲವಾ, ಈ ಗಡಿಬಿಡಿಯೊಳಗ ನಿನಗ ರಜಾ ಯಾರು ಕೊಟ್ರು?”

“ನಮ್ಮ ಲೈನ್‌ಮನ್ನರು ಕೊಟ್ರು, ಅಪ್ಪಾ” ಅಂದೆ.